ಅಂಗೈ ಹುಣ್ಣಿಗೆ ಕನ್ನಡಕ

ಕನ್ನಡಕ ಮೂಗಿನ ಮೇಲೆ ಸರಿಯಾಗಿ ಕೂತ ಗಳಿಗೆಯಲ್ಲಿ ಗಿರಾಕಿಗೆ ಮೊದಲು ಕಾಣುವುದೇನು? ಅಂಗಡಿಯ ಯಜಮಾನನನ್ನು ಕೇಳಿದರೆ 'ಹೊಸ ಲೋಕ' ಎನ್ನುತ್ತಿದ್ದ. ಬಾಗಿಲ ಮೇಲಿನ ಫಲಕದಲ್ಲೂ ಹಾಗೆಂದೇ ಬರೆಸಿದ್ದ. ಫಲಕ ಬರೆಸುವವರು ಹಾಗೆ ಹೇಳಲೇಬೇಕು. ತಿರುಪಕ್ಕನಿಗೆ ಮಾತ್ರ ನಿಜ ಗೊತ್ತಿತ್ತು. ಮೊದಲು ಕಾಣುವುದು, ಕನ್ನಡಕ ತೊಡಿಸಿ ಇನ್ನೂ ಹಿಂದಕ್ಕೆ ಸರಿಯದ ಕೈ. ಆ ಅಂಗಡಿಯಲ್ಲಿ ಅದು ಅವಳ ಕೈ.

ಕೈ ನೋಡುವ ಹಾಗಿರಲಿಲ್ಲ. ಬೆರಳ ಗೆಣ್ಣುಗಳು ಕೆಂಪಗೆ, ತುದಿಗಳು ಸೀಳು ಸೀಳು, ಮುಂಗೈಯ ಚರ್ಮ ಹಳೆಯ ಗೋಡೆಯ ಸುಣ್ಣದ ಹಾಗೆ ಪುಡಿಯಾಗಿ ಏಳುತ್ತಿತ್ತು. ಮಸುಕುಗಣ್ಣಿನವರು ಬಂದು ಎದುರು ಕೂತಾಗ ಏನೂ ತೊಂದರೆಯಿರಲಿಲ್ಲ. ಅವಳು ಕಷ್ಟಪಟ್ಟು ಅವರ ನೋಟವನ್ನು ಚುರುಕು ಮಾಡಿಕೊಟ್ಟ ಮೇಲೆಯೇ ತೊಂದರೆ. ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ದುಡಿದು ತಯಾರಿಸಿಕೊಡುವ ಉದ್ಯೋಗ ಲೋಕದಲ್ಲಿ ಹೆಚ್ಚಿಲ್ಲ.

ತಿರುಪಕ್ಕ ಎಂಬುದು ಅಂಗಡಿ ಕೊಟ್ಟ ಹೆಸರು. ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದ ಹಂಗಿಲ್ಲದೆ ಬೆರಳ ತುದಿಯಲ್ಲೇ ಎತ್ತಿ ಕೂರಿಸುತ್ತಿದ್ದಳು, ಅದಕ್ಕೆ. "ತಲೇಲಿ ಒಂದು ತಿರುಪು ಸಡಿಲ ಇದ್ದೋರೇ ಈ ಕೆಲಸಕ್ಕೆ ಬರೋದು" ಎಂದು ಗಲ್ಲಾದಲ್ಲಿ ಕೂರುವವಳು ಆಗಾಗ ಹೇಳುತ್ತಿದ್ದಳು. "ಸಡಿಲ ಇದ್ರೆ ಬಿಗಿ ಮಾಡ್ಬಹುದು. ಕೆಲವರಿಗೆ ತಿರುಪೇ ಇಟ್ಟಿರಲ್ಲ, ಅವರಿಗೇನು ಮಾಡೋದು?" ಎಂದು ಇವಳು ತಲೆಯೆತ್ತದೆ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಇದರಲ್ಲಿ ಬೇಸರವಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಾಯಿಗೆ ತುಕ್ಕು ಹಿಡಿಯಬಾರದಲ್ಲ.

ಅವಳು ಮೊದಲ ಸಲ ಆ ಮೆಟ್ಟಿಲು ಹತ್ತಿದ್ದು ಕೆಲಸ ಕೇಳಿಕೊಂಡಲ್ಲ, ಅಪ್ಪನಿಗೆ ಕನ್ನಡಕ ಮಾಡಿಸಲು. ಯಜಮಾನ ತೊಡಿಸಿದ ಕನ್ನಡಕ ಅಪ್ಪನ ಮೂಗಿನಿಂದ ಜಾರಿ ತುಟಿಯನ್ನು ವಿಚಾರಿಸಿಕೊಂಡು ಬರುತ್ತಿತ್ತು. ಮೂರನೆಯ ಸಲ ಜಾರಿದಾಗ ಹುಡುಗಿ ಯಜಮಾನನ ಕೈಯಿಂದ ಇಕ್ಕುಳ ತೆಗೆದುಕೊಂಡು ಕಡ್ಡಿಯನ್ನು ಕಿವಿಯ ಹಿಂದೆ ಒಂದಿಷ್ಟು ಬಗ್ಗಿಸಿದಳು. ಕನ್ನಡಕ ಕೂತಿತು. ಬೇರೆಯವನಾಗಿದ್ದರೆ ಸಿಟ್ಟಾಗುತ್ತಿದ್ದ. ಈತ ವ್ಯಾಪಾರಿ. ಪುಕ್ಕಟೆ ಕೆಲಸ ಮಾಡಿದ ಕೈ ಸಂಬಳಕ್ಕೆ ಇನ್ನೂ ಚೆನ್ನಾಗಿ ಮಾಡೀತು ಎಂದು ಲೆಕ್ಕ ಹಾಕಿ, ಅಪ್ಪನ ಕನ್ನಡಕದ ಜೊತೆಗೆ ಮಗಳಿಗೂ ಒಂದು ಕುರ್ಚಿ ತೋರಿಸಿದ. ಆ ಕುರ್ಚಿಯ ಎದುರು ಈಗ ಊರಿನ ಅರ್ಧ ಮುಖಗಳು ಬಂದು ಹೋಗಿವೆ. ಎರಡೂ ಕಿವಿ ಒಂದೇ ಮಟ್ಟದಲ್ಲಿರುವ ಮನುಷ್ಯನನ್ನು ಅವಳು ಇನ್ನೂ ಕಂಡಿಲ್ಲ. ಸೆಟೆದುಕೊಂಡು ನಡೆಯುವ ದೊಡ್ಡ ಮನುಷ್ಯರು ಎದುರು ಬಂದಾಗ ಇವರ ಎಡಗಿವಿ ಬಲಗಿವಿಗಿಂತ ಎಷ್ಟು ಕೆಳಗಿದೆ ಎಂಬುದು ಅವಳಿಗೆ ನೆನಪಾಗಿ ಭಯ ಹೊರಟುಹೋಗುತ್ತಿತ್ತು.

ಚರ್ಮದ ಈ ಇಸುಬು ಮಾತ್ರ ಕುರ್ಚಿಗಿಂತ ಹಳೆಯದು. ಅಪ್ಪನ ಕಡೆಯಿಂದ ಅಣ್ಣನಿಗೆ ಮನೆ ಬಂತು, ಅವಳಿಗೆ ಚರ್ಮ ಬಂತು. ಪಾಲು ಪಂಚಾಯಿತಿ ಇಲ್ಲದೆ ಬಂದ ಆಸ್ತಿ ಅದೊಂದೇ. ಚಿಕ್ಕಂದಿನಲ್ಲಿ ಮೊಣಕೈ ಮಡಿಕೆಯಲ್ಲಿ ಅಡಗಿಕೊಂಡಿದ್ದದ್ದು ಕೆಲಸಕ್ಕೆ ಸೇರಿದ ಮೇಲೆ ಬೆರಳಿಗಿಳಿಯಿತು. ಅಂಗಡಿಯಲ್ಲಿ ಅದಕ್ಕೆ ಊಟೋಪಚಾರ ಚೆನ್ನಾಗಿತ್ತು: ಗಾಜು ಒರೆಸುವ ಸ್ಪಿರಿಟು, ಗಿರಾಕಿಗೊಮ್ಮೆ ಸೋಪು, ಚೌಕಟ್ಟು ಮೆತ್ತಗಾಗಲೆಂದು ಅದ್ದಿ ತೆಗೆಯುವ ಬಿಸಿ ಮರಳಿನ ಡಬ್ಬಿ. ಈ ವರ್ಷವಂತೂ ಅದು ಬಾಡಿಗೆದಾರನ ವೇಷ ಕಳಚಿ ಮಾಲೀಕನ ಹಾಗೆ ಕೂತುಬಿಟ್ಟಿತ್ತು.

ಸಂಗೀತದ ಮೇಡಂ ಬಂದದ್ದು ಆಗ. ಓದುವ ಕನ್ನಡಕ, ತೆಳು ಚೌಕಟ್ಟು. ತಿರುಪಕ್ಕ ತೊಡಿಸಿ, ಕಿವಿಯ ಹಿಂದೆ ಬೆರಳು ಆಡಿಸಿ, "ಈಗ ನೋಡಿ ಮೇಡಂ" ಎಂದಳು. ಮೇಡಂ ನೋಡಿದರು.

"ಏನಮ್ಮ ಇದು, ಕಜ್ಜಿನಾ?"

"ಅಲ್ಲ ಮೇಡಂ, ಇಸುಬು. ಬೇರೆಯವರಿಗೆ ಬರಲ್ಲ."

"ಹೆಸರು ಯಾವುದಾದ್ರೇನು, ಕೆರೆಯೋದು ಒಂದೇ ತಾನೆ" ಎಂದು ಮೇಡಂ ತಲೆಯನ್ನು ಮೆಲ್ಲಗೆ, ಶ್ರುತಿ ತಪ್ಪದ ಹಾಗೆ, ಹಿಂದಕ್ಕೆಳೆದುಕೊಂಡರು. ಕನ್ನಡಕವನ್ನು ಇನ್ನೊಂದು ದಿನ ಸರಿಮಾಡಿಸಿಕೊಳ್ಳುವುದಾಗಿ ಹೇಳಿ, ಅದು ಮೂಗಿನ ಮೇಲೆ ಓರೆಯಾಗಿರುವಾಗಲೇ ಹೊರಟುಹೋದರು.

ಯಜಮಾನ ಇದನ್ನೆಲ್ಲ ಒಳಗಿನ ಮೇಜಿನಿಂದ ನೋಡುತ್ತಿದ್ದ. ಅವನ ಮೂಗಿನ ಮೇಲೆ ಅಂಗಡಿಯಲ್ಲೇ ಅತಿ ಹೊಳೆಯುವ ಚಿನ್ನದ ಬಣ್ಣದ ಚೌಕಟ್ಟು. ಹೊಳಪು ಕಿವಿಯ ಹಿಂದಿನವರೆಗೂ ಕಾಣಲೆಂದು ಕಡ್ಡಿಯ ತುದಿಯ ಪ್ಲಾಸ್ಟಿಕ್ ತೊಡಪನ್ನೂ ಕಳಚಿಹಾಕಿಸಿದ್ದ. ದಿನಾ ಬೆಳಿಗ್ಗೆ ಕಿವಿಯ ಹಿಂದೆ ಸೆಂಟು ತೀಡಿಕೊಂಡೇ ಬರುವವನು. ಅವನು ಬೀದಿಯ ತಿರುವಿಗೆ ಬಂದಾಗಲೇ ಅಂಗಡಿಗೆ ಗೊತ್ತಾಗುತ್ತಿತ್ತು.

"ತಿರುಪಕ್ಕ, ನೀನು ಒಳಗಿನ ಕೋಣೇಲಿ ಗಾಜು ಉಜ್ಜೋ ಯಂತ್ರದ ಹತ್ರ ಕೂತ್ಕೊ. ಸಂಬಳದಲ್ಲಿ ಏನೂ ವ್ಯತ್ಯಾಸ ಇಲ್ಲ. ಮುಂದಿನ ಕುರ್ಚಿಗೆ ಬೇರೆಯವರನ್ನ ನೋಡ್ತೀನಿ."

"ಆ ಯಂತ್ರಕ್ಕೆ ಇಡೀ ದಿನ ನೀರು ಬಿಡ್ಬೇಕು ಯಜಮಾನರೆ. ಈಗ ಒಣಗಿರೋ ಕೈ ಆಮೇಲೆ ಕೊಳೆಯುತ್ತೆ."

"ನಾನೇನು ಮಾಡ್ಲಿ? ಮುಖ ಮುಟ್ಟೋ ವ್ಯಾಪಾರ ಇದು."

"ಮುಖ ಮುಟ್ಟೋ ಕೆಲಸ ಬಿಟ್ಟು ನನಗೆ ಬೇರೆ ಬರಲ್ಲ. ಬರೋದೂ ಬೇಡ." ಅವಳು ಇಕ್ಕುಳವನ್ನು ಅದರ ಜಾಗದಲ್ಲಿಟ್ಟಳು. "ಅಂಗಡಿಗೆ ಬಣ್ಣ ಬಳಿಯೋದು ಮುಗಿಯೋ ತನಕ ಟೈಮ್ ಕೊಡಿ. ಅಷ್ಟರಲ್ಲಿ ಈ ಕೈಯನ್ನ ಗಿರಾಕಿ ಎದುರು ಇಡೋ ಹಾಗೆ ಮಾಡ್ತೀನಿ. ಆಗಲಿಲ್ಲ ಅಂದ್ರೆ ನಾನೇ ಒಳಗೆ ಹೋಗಿ ಕೂರ್ತೀನಿ, ನೀವು ಹೇಳೋದೇ ಬೇಡ."

ಅಂಗಡಿಗೆ ಬಣ್ಣ ಬಳಿಯುವವರು ಆಗಷ್ಟೇ ಏಣಿ ತಂದಿಟ್ಟಿದ್ದರು. ಛಾವಣಿಯ ಒಂದು ಮೂಲೆ ಬಿಳಿಯಾಗಿತ್ತು. ಅವರ ಸೋಮಾರಿತನದ ಮೇಲೆ ತಿರುಪಕ್ಕನಿಗೆ ಅಪಾರ ಭರವಸೆಯಿತ್ತು.

ಮನೆಯಲ್ಲಿ ಸುದ್ದಿ ಗೊತ್ತಾದ ಕೂಡಲೇ ಮದ್ದು ಕೊಡುವವರಿಗೆ ಬರವಿರಲಿಲ್ಲ. ಅತ್ತೆ ಬಿಸಿ ಎಣ್ಣೆಯ ಬಟ್ಟಲು ತಂದರು. "ನಮ್ಮ ಕಾಲದಲ್ಲಿ ಕ್ರೀಮೂ ಇಲ್ಲ ಗೀಮೂ ಇಲ್ಲ. ಎಣ್ಣೆ ಹಚ್ಚು, ಸುಮ್ನಿರು." ಸುಮ್ಮನಿದ್ದು ಹಚ್ಚಿದಳು. ಮರುದಿನ ಅವಳು ಮುಟ್ಟಿದ ಗಾಜೆಲ್ಲ ಜಿಡ್ಡು. ಒಬ್ಬ ಅಜ್ಜ ಹೊಸ ಕನ್ನಡಕ ತೊಟ್ಟು, "ಹಳೇದರಲ್ಲೇ ಚೆನ್ನಾಗಿ ಕಾಣ್ತಿತ್ತಲ್ಲಮ್ಮ, ಇದರಲ್ಲಿ ಊರಿಗೇ ಮಂಜು ಬಿದ್ದಿದೆ" ಎಂದ. ಸ್ಪಿರಿಟು ಹಾಕಿ ಒರೆಸಿದಳು. ಸ್ಪಿರಿಟು ಗಾಜಿನ ಎಣ್ಣೆಯ ಜೊತೆಗೆ ಬೆರಳಿನದನ್ನೂ ಕಿತ್ತುಕೊಂಡು ಹೋಯಿತು.

ಆಮೇಲೆ ನಾದಿನಿ. ಅವಳು ಮನೆಮನೆಗೆ ಹೋಗಿ ಸೌಂದರ್ಯದ ಡಬ್ಬಿಗಳನ್ನು ಮಾರುವವಳು. ಮೂಗಿಗೆ ತುಪ್ಪ ಸವರುವುದನ್ನು ಕಸುಬಾಗಿಯೇ ಕಲಿತವಳು. ಗುಲಾಬಿ ಬಣ್ಣದ, ಗುಲಾಬಿ ವಾಸನೆಯ, ಮುಚ್ಚಳದ ಮೇಲೂ ಗುಲಾಬಿಯಿದ್ದ ಒಂದನ್ನು ತೆರೆದು, "ಹಚ್ಚಿ ನೋಡು ಅತ್ತಿಗೆ, ಮಗುವಿನ ಕೆನ್ನೆ ಆಗುತ್ತೆ" ಎಂದಳು. ಹಚ್ಚಿದ್ದೇ ತಡ, ಸೀಳುಗಳಿಗೆ ಮೆಣಸಿನಪುಡಿ ತುಂಬಿದ ಹಾಗಾಯಿತು. ತಿರುಪಕ್ಕ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳು. "ಉರಿಯುತ್ತೆ ಅಂದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ" ಎಂದಳು ನಾದಿನಿ.

"ಹೌದು. ನನ್ನ ಕೈ ತನ್ನ ಕೆಲಸ ಬಿಡೋ ಹಾಗೆ ಮಾಡ್ತಿದೆ."

ಇನ್ನು ಊಹೆಯ ವ್ಯಾಪಾರ ಸಾಕು ಎಂದು ಅವಳು ರಜೆ ಹಾಕಿ ಚರ್ಮದ ಡಾಕ್ಟರ ಬಳಿ ಹೋದಳು. ಡಾಕ್ಟರಮ್ಮ ಕೈ ನೋಡಿ, ಕೈಯ ಬಗ್ಗೆ ಕೇಳದೆ ಸೋಪಿನ ಬಗ್ಗೆ ಕೇಳಿದರು. ಆಮೇಲೆ ಎರಡು ಮಾತು ಹೇಳಿದರು. ಒಂದು, ಕೆಂಪು ಇಳಿಯಲು ಬರೆದುಕೊಟ್ಟ ಮುಲಾಮು. "ಇದು ಬೆಂಕಿ ಆರಿಸೋಕೆ. ಬೆಂಕಿ ಆರಿದ ಮೇಲೆ ಸುರೀತಾ ಕೂರಬಾರದು. ನಾನು ಹೇಳಿದಷ್ಟು ದಿನ ಮಾತ್ರ." ಎರಡನೆಯದು, ದಿನವೂ ಹಚ್ಚಬೇಕಾದದ್ದು. "ನಿಮ್ಮ ಚರ್ಮ ತೇವ ಹಿಡಿದಿಟ್ಟುಕೊಳ್ಳಲ್ಲ. ಹಿಡಿದಿಡೋಕೆ ಒಂದು ಮುಚ್ಚಳ ಬೇಕು. ಸಪ್ಪೆ ಕ್ರೀಮ್ ತಗೊಳ್ಳಿ. ಪರಿಮಳ ಬೇಡ, ಬಣ್ಣ ಬೇಡ, ಹೂವು ಹಣ್ಣು ಎಲೆ ಯಾವುದೂ ಬೇಡ. ಕೈ ತೊಳೆದ ತಕ್ಷಣ, ತೇವ ಆರೋ ಮುಂಚೆ ಹಚ್ಚಿ."

"ಯಾವ ಕ್ರೀಮು ಅಂತ ಹೆಸರು ಬರೆದುಕೊಡಿ ಡಾಕ್ಟ್ರೆ."

"ಒಬ್ಬರಿಗೆ ಆಗಿದ್ದು ಇನ್ನೊಬ್ಬರಿಗೆ ಆಗಲ್ಲ. ಹೊಸದು ತಂದರೆ ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ, ಕೆಲವು ದಿನ ಕಾದು ನೋಡಿ. ಅದು ಸುಮ್ಮನಿದ್ರೆ ಆಮೇಲೆ ಕೈಗೆ."

"ಪೂರ್ತಿ ವಾಸಿ ಆಗುತ್ತಾ?"

"ನೆಂಟರ ಥರ. ಬರ್ತಾ ಹೋಗ್ತಾ ಇರುತ್ತೆ. ಬಂದಾಗ ಬೇಗ ಕಳಿಸೋದು ಕಲೀಬೇಕು, ಅಷ್ಟೆ."

ಔಷಧಿ ಅಂಗಡಿಯವನು ಅವಳ ಬಾಯಿಂದ 'ಸಪ್ಪೆ ಕ್ರೀಮು' ಎಂಬ ಮಾತು ಕೇಳಿ ಕನ್ನಡಕ ಹಣೆಗೇರಿಸಿದ. ಆ ಕನ್ನಡಕವೂ ಅವಳೇ ಕೂರಿಸಿದ್ದು. "ಎಲ್ಲರೂ ಘಮಘಮ ಅನ್ನೋದು ಕೇಳ್ತಾರೆ, ನೀವೊಬ್ಬರು ಸಪ್ಪೆ ಕೇಳ್ತೀರಿ. ಸಪ್ಪೆ ಸರಕು ಕಣ್ಣೆತ್ತರದಲ್ಲಿ ಇಡಲ್ಲ ಅಕ್ಕ. ಬಗ್ಗಬೇಕು." ಅವನು ಬಗ್ಗಿದ, ಮಂಡಿ ಲಟಕ್ಕೆಂದಿತು. ಕೆಳಗಿನ ಹಲಗೆಯಿಂದ ಒಂದು ಬಿಳಿ ಡಬ್ಬಿ ಬಂತು. ಮೇಲೆ 'ವಾಸನೆ ಇಲ್ಲ' ಎಂದು ದೊಡ್ಡದಾಗಿ ಬರೆದಿತ್ತು. ಮೂಸಿದಳು, ಇರಲಿಲ್ಲ. ಮೊಣಕೈ ಮಡಿಕೆಗೆ ಹಚ್ಚಿ ಕಾದಳು. ಮೊದಲು ಸುಮ್ಮನಿತ್ತು. ಇನ್ನೇನು ಕೈಗೆ ಹಚ್ಚಬೇಕು ಎನ್ನುವಷ್ಟರಲ್ಲಿ ಮಡಿಕೆ ತುರಿಸಿತು, ಕೆಂಪಾಯಿತು.

ಅವಳಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಚೌಕಟ್ಟಿನ ಒಳಗಿನ ಸೂಜಿಮೊನೆಯ ಅಕ್ಷರ ಓದುವ ಭೂತಗನ್ನಡಿಯನ್ನು ಡಬ್ಬಿಯ ಹಿಂಬದಿಗೆ ಹಿಡಿದು, ಇರುವೆ ಸಾಲಿನಂಥ ಬರಹವನ್ನು ಕೊನೆಯವರೆಗೆ ಓದಿದಳು. ಕೊನೆಯ ಇರುವೆಗಳಲ್ಲಿ ಒಂದು 'ಪರಿಮಳ' ಎಂದಿತ್ತು. ಡಬ್ಬಿಯನ್ನೂ ಭೂತಗನ್ನಡಿಯನ್ನೂ ಎತ್ತಿಕೊಂಡು ಹೋಗಿ ಔಷಧಿ ಅಂಗಡಿಯ ಮೇಜಿನ ಮೇಲಿಟ್ಟಳು.

"ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರಲ್ಲ ಅಣ್ಣ. ಕನ್ನಡಿ ಬೇಡ, ಕನ್ನಡಕ ಬೇಕು. ಓದಿ ಇಲ್ಲಿ."

ಅವನು ಓದಿದ. ಕಿವಿ ತುರಿಸಿಕೊಂಡ. "ಅಸಲು ಸರಕಿಗೇ ಒಂದು ವಾಸನೆ ಇರುತ್ತಲ್ಲ ಅಕ್ಕ, ಅದನ್ನ ಮುಚ್ಚೋಕೆ ಇನ್ನೊಂದು ಹಾಕಿರ್ತಾರೆ. ಒಟ್ಟಿಗೆ ಮೂಗಿಗೆ ಏನೂ ಬರಲ್ಲ."

"ಅಂದ್ರೆ 'ವಾಸನೆ ಇಲ್ಲ' ಬೇರೆ, 'ಪರಿಮಳ ಹಾಕಿಲ್ಲ' ಬೇರೆ."

"ಬೇರೆ."

"ಪಕ್ಕದ ಮನೇಲಿ ಜಗಳ ಕೇಳಿಸ್ತಿಲ್ಲ ಅಂದ್ರೆ ಜಗಳ ಇಲ್ಲ ಅಂತಲ್ಲ, ಕಿಟಕಿ ಹಾಕಿದ್ದಾರೆ ಅಂತ."

ಅವನು ನಕ್ಕು ಮತ್ತೆ ಬಗ್ಗಿದ. ಈ ಸಲ ಇನ್ನೂ ಕೆಳಗಿನಿಂದ, ಧೂಳು ಕೂತ ಡಬ್ಬಿಗಳು ಬಂದವು. ಅವಳು ಒಂದೊಂದನ್ನೂ ಭೂತಗನ್ನಡಿಯಲ್ಲಿ ವಿಚಾರಣೆ ಮಾಡಿ, ಪರಿಮಳದ ಸುಳಿವಿಲ್ಲದವನ್ನು ಮಾತ್ರ ಉಳಿಸಿಕೊಂಡಳು.

ಚರ್ಮ ಒಪ್ಪಿದರೆ ಸಾಲದು, ಗಾಜೂ ಒಪ್ಪಬೇಕಲ್ಲ. ಅದಕ್ಕೆ ಅವಳು ತನ್ನದೇ ಪರೀಕ್ಷೆ ಕಂಡುಹಿಡಿದಳು. ಗೀರು ಬಿದ್ದು ಬಿಸಾಡಬೇಕಾದ ಗಾಜುಗಳನ್ನು ಕುರ್ಚಿಯ ಪಕ್ಕದ ಖಾನೆಯಲ್ಲಿಟ್ಟುಕೊಂಡಳು. ಮೊಣಕೈ ಪಾಸು ಮಾಡಿದ ಕ್ರೀಮನ್ನು ಹೆಬ್ಬೆರಳಿಗೆ ಹಚ್ಚಿ, ಗಾಜಿನ ಮೇಲೊತ್ತಿ, ಟ್ಯೂಬ್‌ಲೈಟಿಗೆ ಹಿಡಿದು ನೋಡುವುದು. ಬೆರಳಚ್ಚು ಕೊಬ್ಬಿದ್ದರೆ ಕ್ರೀಮು ಫೇಲು. ಗಲ್ಲಾದವಳು ಇದನ್ನು ನೋಡಿ, "ಕಳ್ಳರನ್ನ ಹಿಡಿಯೋ ಕೆಲಸಕ್ಕೆ ಸೇರಿದ್ಯಾ?" ಎಂದಳು. ಗಾಜುಗಳ ಮೇಲೆ ಒಂದೊಂದು ದಪ್ಪ ಹೆಬ್ಬೆರಳು ಕೂರುತ್ತ ಹೋಯಿತು. ಛಾವಣಿ ಮುಗಿದು ಬಣ್ಣ ಗೋಡೆಗಿಳಿಯಿತು. ಸೋಮಾರಿಗಳು ಕೈಕೊಡುವುದು ಯಾವಾಗಲೂ ಇಂಥ ಹೊತ್ತಿನಲ್ಲೇ.

ಕೊನೆಗೊಂದು ಡಬ್ಬಿ ಸಿಕ್ಕಿತು. ಚಿತ್ರವಿಲ್ಲ, ಹೂವಿಲ್ಲ, ನೋಡಿದರೆ ಗೋಂದು ಎನಿಸುವ ಬೂದುಬಿಳಿ ಡಬ್ಬಿ. ಮೊಣಕೈ ಏನೂ ಅನ್ನಲಿಲ್ಲ. ಕೈಗೆ ಹಚ್ಚಿದಳು; ಉರಿಯಲಿಲ್ಲ. ಮುಲಾಮು ಕೆಂಪು ಇಳಿಸಿತ್ತು, ಈ ಕ್ರೀಮು ಸೀಳುಗಳನ್ನು ಮೆಲ್ಲಗೆ ಮುಚ್ಚತೊಡಗಿತು. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಿದರೆ ಚರ್ಮ ಚುರ್ರೆನ್ನುತ್ತಿರಲಿಲ್ಲ. ಆದರೆ ಗಾಜಿನ ಮೇಲೆ ಒತ್ತಿದರೆ ಪೂರ್ತಿ ಹೆಬ್ಬೆರಳು, ಗೆರೆಗೆರೆಯಾಗಿ, ರುಜು ಹಾಕಿದ ಹಾಗೆ.

ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಅವಳು ಔಷಧಿ ಅಂಗಡಿಯವನಿಗೆ ಫೋನು ಮಾಡಿದಳು. ಗಲ್ಲಾದವಳು ಚಿಲ್ಲರೆ ಜೋಡಿಸುತ್ತ ಪಕ್ಕದಲ್ಲೇ ಇದ್ದಳು. ಅವಳ ಕಿವಿಗೆ ಬಿದ್ದದ್ದು ಈ ಕಡೆಯ ಮಾತು ಮಾತ್ರ:

"ಇಲ್ಲ ಅಣ್ಣ, ಉರಿ ಗಿರಿ ಏನಿಲ್ಲ. ಆದ್ರೆ ಅಂಟುತ್ತೆ… ಹೂಂ, ಮುಟ್ಟಿದ ಕಡೆಯೆಲ್ಲ ಅಂಟುತ್ತೆ. ಮನೇಲಿ ಅತ್ತೆಗೂ ಅಂಟಿದೆ, ಬೈತಿದ್ರು… ನಿನ್ನೆ ಒಬ್ಬ ಗಿರಾಕಿ ಕಿವಿಗೂ ಅಂಟಿಬಿಡ್ತು. ಪುಣ್ಯ, ಅವರಿಗೆ ಗೊತ್ತಾಗಲಿಲ್ಲ."

ಆ ಕಡೆ ಔಷಧಿ ಅಂಗಡಿಯವನು, "ಎಷ್ಟು ಹಚ್ತೀರಿ ಅಕ್ಕ?" ಎಂದು ಕೇಳುತ್ತಿದ್ದ. ಗಲ್ಲಾದವಳ ಕೈಯಲ್ಲಿ ಚಿಲ್ಲರೆ ನಿಂತೇಹೋಯಿತು.

ನಮ್ಮ ಭಾಷೆ ಒಂದೇ ಮಾತಿನಲ್ಲಿ ಎರಡು ಸರಕು ಮಾರುತ್ತದೆ. ಗೋಂದೂ ಅಂಟುತ್ತದೆ, ರೋಗವೂ ಅಂಟುತ್ತದೆ. ಯಾವುದನ್ನು ಕೊಳ್ಳುವುದು ಎಂಬುದು ಕೇಳಿದವರಿಗೆ ಬಿಟ್ಟದ್ದು, ಮತ್ತು ಭಯಕ್ಕೆ ಯಾವತ್ತೂ ಗಿರಾಕಿ ಹೆಚ್ಚು.

ಮರುದಿನ ತಿರುಪಕ್ಕನ ಚಹಾದ ಲೋಟ ಉಳಿದ ಲೋಟಗಳಿಂದ ದೂರ, ಕಿಟಕಿಯ ಕಟ್ಟೆಯ ಮೇಲೆ ಒಂಟಿಯಾಗಿ ನಿಂತಿತ್ತು. ಗಲ್ಲಾದವಳು ಗಿರಾಕಿಯ ಆರ್ಡರ್ ಚೀಟಿಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಜಾರಿಸಿದಳು. ತಿರುಪಿನ ಜೋಕು ಮಾಡಲಿಲ್ಲ. ತಿರುಪಕ್ಕ ತಾನೇ ಒಂದು ಚಟಾಕಿ ಹಾರಿಸಿದಳು; ಅದು ಎದುರಿನ ಗೋಡೆಯ ಹಸಿ ಬಣ್ಣಕ್ಕೆ ಹೋಗಿ ಮೆತ್ತಿಕೊಂಡಿತೇ ಹೊರತು ಯಾರೂ ನಗಲಿಲ್ಲ. ಏನೋ ಆಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ.

ತಿಳಿಸಿದವನು ಯಜಮಾನ. ಒಳಗಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ. ಕನ್ನಡಕ ತೆಗೆದು, ತಲೆ ತಿರುಗಿಸಿ, ಕಿವಿಯ ಹಿಂಭಾಗ ತೋರಿಸಿದ. ಎರಡೂ ಕಡೆ ಕೆಂಪಗೆ, ಪೊರೆ ಪೊರೆ ಎದ್ದಿತ್ತು.

"ಇದು ನಿನ್ನಿಂದ ಬಂದಿದ್ದು. ಹದಿನೈದು ದಿನಕ್ಕೊಂದು ಸಲ ನನ್ನ ಕನ್ನಡಕ ಸರಿ ಮಾಡೋಳು ನೀನೇ ತಾನೆ? ಅಂಟುತ್ತೆ ಅಂತ ನೀನೇ ಫೋನಲ್ಲಿ ಹೇಳಿದ್ಯಂತೆ. ನಿಮ್ಮತ್ತೆಗೂ ಅಂಟಿದೆಯಂತೆ. ಇನ್ನು ಬಣ್ಣ ಮುಗಿಯೋ ತನಕ ಕಾಯೋದು ಬೇಡ. ನಾಳೆಯಿಂದ ಒಳಗೂ ಬೇಡ, ಹೊರಗೂ ಬೇಡ."

ಅವಳಿಗೆ ಒಂದು ಕ್ಷಣ ಲೋಟ, ಚೀಟಿ, ನಗದ ಮುಖಗಳು ಎಲ್ಲ ಒಟ್ಟಿಗೆ ಅರ್ಥವಾದವು. ಅಳು ಬರಬೇಕಾದ ಜಾಗದಲ್ಲಿ ಹಟ ಬಂತು. ಖಾನೆಯಿಂದ ಗಾಜುಗಳನ್ನು ತಂದು ಅವನ ಮೇಜಿನ ಮೇಲೆ ಸುರಿದಳು.

"ಅಂಟೋದು ಕ್ರೀಮು ಯಜಮಾನರೆ, ಕೈಯಲ್ಲ. ನೋಡಿ, ಇದರ ಮೇಲೆ ಅಂಟಿದೆ. ಗಾಜಿಗೇನು ಇಸುಬು ಬಂತಾ?"

"ಮಾತಿಗೇನು, ನೀನು ಸಾವಿರ ಹೇಳ್ತೀಯ. ನನ್ನ ಕಿವಿ?"

ಅವಳು ಆ ಕಿವಿಯನ್ನೇ ನೋಡಿದಳು. ಕೆಂಪು ಇದ್ದದ್ದು ಕಡ್ಡಿಯ ತುದಿ ಒರಗುವಲ್ಲಿ ಮಾತ್ರ, ಗೆರೆ ಎಳೆದ ಹಾಗೆ. ತೊಡಪು ಕಳಚಿದ ಬರಿ ಲೋಹ. ಅದರ ಮೇಲೆ ದಿನಾ ಸೆಂಟು. ಡಾಕ್ಟರಮ್ಮ ಸೋಪಿನ ಬಗ್ಗೆ ಕೇಳಿದ್ದು ನೆನಪಾಯಿತು. ಇದೇ ಕಾರಣವೆಂದು ಆಣೆ ಮಾಡಲು ಅವಳು ಡಾಕ್ಟರಲ್ಲ. ಆದರೆ ವ್ಯಾಪಾರಿಯ ಎದುರು ಆಣೆ ನಡೆಯುವುದಿಲ್ಲ, ಪಂಥ ನಡೆಯುತ್ತದೆ ಎಂಬುದು ಇಷ್ಟು ವರ್ಷದಲ್ಲಿ ಕಲಿತಿದ್ದಳು.

"ಒಂದು ಮಾತು. ಎಡಗಿವಿ ನನಗೆ ಕೊಡಿ, ಬಲಗಿವಿ ನೀವಿಟ್ಕೊಳ್ಳಿ."

"ಏನಂದೆ?"

"ಎಡಗಡೆ ಕಡ್ಡಿಗೆ ಪ್ಲಾಸ್ಟಿಕ್ ತೊಡಪು ಹಾಕ್ತೀನಿ. ಆ ಕಡೆ ಸೆಂಟು ಬೇಡ, ಈ ಸಪ್ಪೆ ಕ್ರೀಮು ಹಚ್ಚಿ. ಬಲಗಡೆ ನಿಮ್ಮಿಷ್ಟ, ಹೊಳಪೂ ಇರಲಿ, ಸೆಂಟೂ ಇರಲಿ. ದಿನಾ ಬೆಳಿಗ್ಗೆ ಎರಡೂ ಕಿವಿಗೆ ನಾನೇ, ಇದೇ ಬರಿಗೈಲಿ ಕನ್ನಡಕ ತೊಡಿಸ್ತೀನಿ. ನನ್ನ ಕೈಯಿಂದ ಅಂಟೋದಾದ್ರೆ ಎರಡೂ ಕಿವಿಗೆ ಅಂಟಬೇಕು ತಾನೆ? ಬಣ್ಣ ಮುಗಿಯೋ ದಿನ ಕನ್ನಡಿ ಮುಂದೆ ನಿಂತು ನೋಡೋಣ. ಎರಡೂ ಕೆಂಪಗಿದ್ರೆ ನಾನು ಹೋಗ್ತೀನಿ. ಎಡಗಿವಿ ವಾಸಿ ಆದ್ರೆ ಕುರ್ಚಿ ನನ್ನದು, ಮತ್ತೆ ಆ ಮಾತೇ ಎತ್ತಬಾರದು."

"ಕಿವಿ ಮೇಲೆ ಹೂವು ಇಡ್ತಿದ್ಯಾ ನನಗೆ?"

"ಹೂವು ಇಟ್ರೆ ಅದೂ ವಾಸನೆ ಬರುತ್ತೆ. ತೊಡಪು ಇಡ್ತಿದೀನಿ, ಅಷ್ಟೆ."

ಯಜಮಾನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸೋತರೂ ಒಂದು ಕಿವಿ ಉಳಿಯುವ ವ್ಯಾಪಾರ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಒಪ್ಪಿದ. ಡಾಕ್ಟರಿಗೂ ಒಮ್ಮೆ ತೋರಿಸಿ ಎಂದದ್ದಕ್ಕೆ ಮಾತ್ರ, "ಪುಕ್ಕಟೆ ಆಗೋದಕ್ಕೆ ಫೀಸ್ ಯಾಕೆ?" ಎಂದ.

ಹೀಗೆ ಆ ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಒಂದು ಸಮಾರಂಭ ಶುರುವಾಯಿತು. ಒಂದೇ ಕಿವಿಗೆ ಸೆಂಟು ಹಾಕಿಕೊಂಡ ಯಜಮಾನ ಅವಳ ಎದುರು ಗಿರಾಕಿಯ ಕುರ್ಚಿಯಲ್ಲಿ ಕೂರುವುದು, ಅವಳು ಗಂಭೀರವಾಗಿ ಕನ್ನಡಕ ತೊಡಿಸುವುದು. ಬಣ್ಣ ಬಳಿಯುವವರು ಏಣಿಯ ಮೇಲೆಯೇ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಗಲ್ಲಾದವಳು, ಯಜಮಾನರ ಎಡಗಡೆಯಿಂದ ಹಾದುಹೋದರೆ ವಾಸನೆಯಿಲ್ಲ, ಬಲಗಡೆಯಿಂದ ಹೋದರೆ ತಲೆ ತಿರುಗುತ್ತದೆ ಎಂದು ಚಹಾದವನ ಹತ್ತಿರ ಹೇಳಿದಳಂತೆ. ತಿರುಪಕ್ಕನ ಲೋಟ ಮಾತ್ರ ಕಿಟಕಿಯ ಕಟ್ಟೆಯಲ್ಲೇ ಇತ್ತು. ಅವಳು ಅದನ್ನು ಮುಟ್ಟಿ ಸರಿಸಲಿಲ್ಲ. ಅದು ಇಟ್ಟವರೇ ತೆಗೆಯಬೇಕಾದ ಲೋಟ.

ಅಷ್ಟರಲ್ಲಿ ಅವಳು ತನ್ನ ಹೆಬ್ಬೆರಳನ್ನು ಬಿಡಲಿಲ್ಲ. ಔಷಧಿ ಅಂಗಡಿಯವನು ಫೋನಿನಲ್ಲಿ ಕೇಳಿದ ಪ್ರಶ್ನೆ ತಲೆಯಲ್ಲೇ ಕೂತಿತ್ತು: ಎಷ್ಟು ಹಚ್ತೀರಿ? ಅವಳು ಹಚ್ಚುತ್ತಿದ್ದದ್ದು ಮನಸ್ಸು ತುಂಬಿ ಬರುವಷ್ಟು. ತೂಕದ ಮೇಲೊಂದು ಹಿಡಿ ಹೆಚ್ಚು ಹಾಕಿಸಿಕೊಂಡು ಬೆಳೆದ ಕೈ. ಒಳ್ಳೆಯದು ಹೆಚ್ಚಾದರೆ ಇನ್ನೂ ಒಳ್ಳೆಯದು ಎಂದೇ ಅದರ ನಂಬಿಕೆ. ಅದೂ ಒಣಗಿದ ಕೈಗೆ ಮೆತ್ತಿ, ಆ ಕೂಡಲೇ ಗಾಜು ಮುಟ್ಟುತ್ತಿದ್ದಳು. ಈಗ ಡಾಕ್ಟರಮ್ಮನ ಮಾತನ್ನು ಅಕ್ಷರಕ್ಕಕ್ಷರ ಹಿಡಿದಳು. ವಾಸನೆಯ ಸೋಪು ಬಿಟ್ಟು ಮೃದುವಾದದ್ದು, ಒರೆಸುವ ಬದಲು ಬಟ್ಟೆಯಲ್ಲಿ ಒತ್ತಿ, ತೇವ ಇನ್ನೂ ಇರುವಾಗಲೇ ಬಟಾಣಿಯಷ್ಟು ಕ್ರೀಮು. ಆಮೇಲೆ ಗಿರಾಕಿಯ ಎದುರು ಕೈ ಕಟ್ಟಿ ಮಾತಾಡುವುದು: ಮೊಮ್ಮಕ್ಕಳು ಹೇಗಿದ್ದಾರೆ, ಹಳೆಯ ಕನ್ನಡಕದ ಮೇಲೆ ಯಾರು ಕೂತರು. ಒಂದು ಹಳೆ ಕನ್ನಡಕದ ಕತೆ ಮುಗಿಯುವಷ್ಟರಲ್ಲಿ ಕ್ರೀಮು ಚರ್ಮದೊಳಗೆ ಇಳಿದಿರುತ್ತಿತ್ತು. ಸ್ಪಿರಿಟು ಮುಟ್ಟುವಾಗ ಕೈಗವಸು. ದಪ್ಪಗೆ ಮೆತ್ತಬೇಕೆಂಬ ಆಸೆಯನ್ನು ಮನೆಯಲ್ಲಿ, ಮಲಗುವ ಮುಂಚೆ ತೀರಿಸಿಕೊಂಡಳು. ಹತ್ತಿಯ ಕೈಗವಸು ತೊಟ್ಟ ಸೊಸೆಯನ್ನು ನೋಡಿ ಅತ್ತೆ, "ಮಲಗೋಕೆ ಹೊರಟ್ಯೋ, ಕಳ್ಳತನಕ್ಕೆ ಹೊರಟ್ಯೋ?" ಎಂದು ಕೇಳಿದರು.

ಒಂದು ಸಂಜೆ ಹೆಬ್ಬೆರಳನ್ನು ಗಾಜಿನ ಮೇಲೊತ್ತಿ ಟ್ಯೂಬ್‌ಲೈಟಿಗೆ ಹಿಡಿದಳು. ಓರೆ ಮಾಡಿದಳು. ಭೂತಗನ್ನಡಿಯಲ್ಲೂ ನೋಡಿದಳು. ಯಾರ ಬೆರಳಾದರೂ ಬಿಡುವಷ್ಟೇ ಒಂದು ಮಸುಕು, ಬಟ್ಟೆ ಸೋಕಿದರೆ ಹೋಯಿತು. ಡಬ್ಬಿಯನ್ನು ಬದಲಾಯಿಸುವ ಹಟದಲ್ಲಿ ಅಳತೆಯನ್ನು ಬದಲಾಯಿಸುವುದನ್ನೇ ಮರೆತಿದ್ದೆನಲ್ಲ ಎಂದು ತನಗೆ ತಾನೇ ಒಂದು ಬೈಗುಳ ಕೊಟ್ಟುಕೊಂಡಳು.

ಬಣ್ಣದವರು ಕೊನೆಯ ಬಾಗಿಲನ್ನೂ ಮುಗಿಸಿ ಏಣಿ ಮಡಚಿದ ದಿನ ಯಜಮಾನ ತಾನಾಗಿಯೇ ಕನ್ನಡಿಯ ಮುಂದೆ ನಿಂತ. ತಿರುಪಕ್ಕ ಅವನ ಹಿಂದೆ ಇನ್ನೊಂದು ಕೈಗನ್ನಡಿ ಹಿಡಿದಳು. ಗಲ್ಲಾದವಳು ಗಲ್ಲಾ ಬಿಟ್ಟು ಎದ್ದುಬಂದಳು. ಆ ಅಂಗಡಿಯ ಇತಿಹಾಸದಲ್ಲಿ ಅದು ದೊಡ್ಡ ಸಂಗತಿ. ಬಲಗಿವಿಯ ಹಿಂದೆ ಕೆಂಪು ಹಾಗೇ ಇತ್ತು, ಒಂದಿಷ್ಟು ಬೆಳೆದೂ ಇತ್ತು. ಎಡಗಿವಿಯ ಹಿಂದೆ ಚರ್ಮ ಸುಮ್ಮನೆ, ಯಾವ ಸುದ್ದಿಯೂ ಇಲ್ಲದೆ, ಸಪ್ಪಗಿತ್ತು.

ಯಜಮಾನ ಒಂದೊಂದು ಕಿವಿಯನ್ನೂ ಮತ್ತೊಮ್ಮೆ ನೋಡಿದ. ಕೆಮ್ಮಿದ.

"ಆ ತೊಡಪು… ಇನ್ನೊಂದು ಇದೆಯಾ?"

"ಬಲಗಿವಿ ನಿಮ್ಮದಲ್ವಾ ಯಜಮಾನರೆ?"

"ತಮಾಷೆ ಸಾಕು. ಹಾಕು."

"ಕುರ್ಚಿ?"

"ಕುರ್ಚಿ ಎಲ್ಲಿದೆಯೋ ಅಲ್ಲೇ ಇದೆ. ನಾನು ಮುಟ್ಟಿದ್ನಾ?" ಎಂದು ಯಜಮಾನ, ಸೋತ ವ್ಯಾಪಾರಿಯ ಘನತೆಯಿಂದ, ತನ್ನ ಮೇಜಿಗೆ ಹೋಗಿ ಕೂತ. ವಾರ ಕಳೆಯುವುದರೊಳಗೆ ಕಿವಿ ಕೆರೆಯದ ಪ್ಲಾಸ್ಟಿಕ್ ತೊಡಪುಗಳ ಒಂದು ಪೆಟ್ಟಿಗೆ ತರಿಸಿ, ಗಿರಾಕಿಯ ಕಣ್ಣೆತ್ತರದಲ್ಲೇ ಜೋಡಿಸಿಟ್ಟ.

ಸಂಗೀತದ ಮೇಡಂ ಮತ್ತೆ ಬಂದರು. ಕನ್ನಡಕ ಇನ್ನೂ ಓರೆಯಾಗಿಯೇ ಇತ್ತು. ಇಷ್ಟು ದಿನ ರಾಗಗಳನ್ನೆಲ್ಲ ತಲೆ ವಾಲಿಸಿಕೊಂಡೇ ಓದಿದ್ದರಂತೆ. ತಿರುಪಕ್ಕ ಕೈ ತೊಳೆದು, ಒತ್ತಿ, ಬಟಾಣಿಯಷ್ಟು ಹಚ್ಚಿ, ಶಿಷ್ಯರ ಸುದ್ದಿ ಕೇಳಿ, ಆಮೇಲೆ ಕಡ್ಡಿ ಬಗ್ಗಿಸಿ ತೊಡಿಸಿದಳು. ಮೇಡಂ ಕಣ್ಣು ಬಿಟ್ಟರು. ಮೊದಲು ಕಂಡದ್ದು ಕೈಯೇ. ಅವಳು ಅದನ್ನು ಈ ಸಲ ಬೇಕೆಂದೇ ಹಿಂದಕ್ಕೆಳೆಯಲಿಲ್ಲ. ಗೆಣ್ಣುಗಳಲ್ಲಿ ತಿಳಿಗೆಂಪು ಇನ್ನೂ ಇತ್ತು, ಸೀಳುಗಳಿರಲಿಲ್ಲ.

"ವಾಸಿ ಆಯ್ತಾ?"

"ಇಲ್ಲ ಮೇಡಂ, ಪಳಗಿದೆ. ಮತ್ತೆ ಎಗರಾಡಿದ್ರೆ ಏನು ಮಾಡ್ಬೇಕು ಅಂತ ಗೊತ್ತಿದೆ."

ಮೇಡಂ ತಲೆ ಹಿಂದಕ್ಕೆಳೆಯಲಿಲ್ಲ, ಆದರೆ ಮುಂದಕ್ಕೂ ತರಲಿಲ್ಲ. ಗಲ್ಲಾದ ಕಡೆ ತಿರುಗಿ ಮೆಲ್ಲಗೆ, "ಏನಮ್ಮ, ಅಂಟಲ್ಲ ತಾನೆ?" ಎಂದು ಕೇಳಿದರು.

ಗಲ್ಲಾದವಳು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದಳು.

"ಕೈನೂ ಅಂಟಲ್ಲ, ಕ್ರೀಮೂ ಅಂಟಲ್ಲ ಮೇಡಂ. ಎರಡನ್ನೂ ಪರೀಕ್ಷೆ ಮಾಡಿ ಆಗಿದೆ ಇಲ್ಲಿ" ಎಂದಳು ಗಲ್ಲಾದವಳು. ಆಮೇಲೆ ಚೀಟಿಯನ್ನು ಜಾರಿಸದೆ, ಎದ್ದು ಬಂದು, ತಿರುಪಕ್ಕನ ಅಂಗೈಯಲ್ಲೇ ಇಟ್ಟಳು. ಹೋಗುವಾಗ ಕಿಟಕಿಯ ಕಟ್ಟೆಯ ಮೇಲಿದ್ದ ಲೋಟವನ್ನು ಎತ್ತಿಕೊಂಡು, ಉಳಿದ ಲೋಟಗಳ ನಡುವೆ ಇಟ್ಟು, ಯಾವುದು ಯಾರದೆಂದು ಗೊತ್ತಾಗದ ಹಾಗೆ ಒಂದು ಸಲ ಅದಲು ಬದಲು ಮಾಡಿದಳು.

"ತಲೇಲಿ ತಿರುಪು ಸಡಿಲ ಇದ್ದೋರಿಗೆ ಚಹಾ ಈಗ ಬೇಕಾ, ಆಮೇಲಾ?"

"ಈಗಲೇ" ಎಂದಳು ತಿರುಪಕ್ಕ, ತಲೆಯೆತ್ತದೆ, ಮುಂದಿನ ಗಿರಾಕಿಯ ತಿರುಪನ್ನು ಬೆರಳ ತುದಿಯಲ್ಲಿ ಎತ್ತಿಕೊಳ್ಳುತ್ತ.